ಐದನೆಯ ಗಾಲಿ

ನಮ್ಮ ಮನೆಯವರು ತೀರಿಕೊಂಡು ಹದಿನೈದು ದಿನವಾಗಿತ್ತು. ಹಿತ್ತಲ ಚಪ್ಪರದಡಿ ಕಾರಿನ ಐದು ಗಾಲಿಗಳಿದ್ದವು. ನಾಲ್ಕು ಹೊಳೆಯುತ್ತಿದ್ದವು. ಒಂದು ಮಾಸಿಕೊಂಡು ಗೋಡೆಗೆ ಒರಗಿತ್ತು. ಅದೊಂದು ಯಾಕೆ ಹಾಗೇ ಉಳಿಯಿತು ಎಂದು ನನಗೆ ತಿಳಿಯಲಿಲ್ಲ.

ಅವರ ಹೆಸರು ಮಾಬ್ಲ. ಬದುಕಿದ್ದಾಗ ನಾನು ಆ ಹೆಸರನ್ನು ಬಾಯಲ್ಲಿ ಹೇಳಿದವಳಲ್ಲ. ಹೊನ್ನಾವರದ ಆಸ್ಪತ್ರೆಯಲ್ಲಿ ನರ್ಸು ಕೇಳಿದಾಗ ಮೊದಲ ಸಲ ಹೇಳಿದೆ. ಬಣ್ಣಕ್ಕೆ ಬೆರೆಸುವ ಥಿನ್ನರ್ ಡಬ್ಬ ಹಿಡಿದುಕೊಂಡು ಬಸ್ಸಿಳಿದವರು ಹೆದ್ದಾರಿ ಬದಿಗೇ ಎದೆ ಹಿಡಿದು ಕೂತಿದ್ದರು. ಆಸ್ಪತ್ರೆಗೆ ಮುಟ್ಟಿಸುವಷ್ಟರಲ್ಲಿ ಮುಗಿದಿತ್ತು. ವಯಸ್ಸು ನಲವತ್ತನಾಲ್ಕು. ಇದು ಎರಡು ಸಾವಿರದ ಐದನೇ ಇಸವಿಯ ಮಾತು.

ನಮ್ಮದು ಹಳದೀಪುರ. ನಾನು ಮದುವೆಯಾಗಿ ಬಂದಾಗ ಅವರು ಹೊನ್ನಾವರದ ಒಂದು ಗ್ಯಾರೇಜಿನಲ್ಲಿ ಗಾಡಿಗಳಿಗೆ ಬಣ್ಣ ಹೊಡೆಯುತ್ತಿದ್ದರು. ತೊಂಬತ್ತೆಂಟರ ಮಳೆಗಾಲದಲ್ಲಿ ಒಂದು ದಿನ ಮಧ್ಯಾಹ್ನವೇ ಮನೆಗೆ ಬಂದರು. ಇನ್ನು ಗ್ಯಾರೇಜಿಗೆ ಹೋಗುವುದಿಲ್ಲ ಎಂದರು. ಯಾಕೆ ಎಂದು ಕೇಳಿದೆ. ಥಿನ್ನರ್ ವಾಸನೆಗೆ ತಲೆ ಸುತ್ತುತ್ತದೆ ಎಂದರು. ಎಂಟು ದಿನ ಬಿಟ್ಟು ಅದೇ ಥಿನ್ನರನ್ನು ಮನೆಗೆ ತಂದರು. ನನಗೆ ಅರ್ಥವಾಗಲಿಲ್ಲ. ಮತ್ತೆ ಕೇಳಲಿಲ್ಲ.

ಮೊದಮೊದಲು ಟೆಂಪೋ, ಜೀಪುಗಳ ಕಬ್ಬಿಣದ ಗಾಲಿ ತರುತ್ತಿದ್ದರು. ತಂತಿ ಬ್ರಷ್ಷಿನಲ್ಲಿ ತುಕ್ಕು ಕೆರೆದು ಬಣ್ಣ ಬಳಿದು ಕೊಡುವುದು. ಆಮೇಲೆ ಭಟ್ಕಳದಿಂದ ಕಾರುಗಳ ಅಲಾಯ್ ಗಾಲಿಗಳು, ಬೆಳ್ಳಿಯ ಹಾಗೆ ಹೊಳೆಯುವಂಥವು, ಬರತೊಡಗಿದವು. ಅಲ್ಲಿಯ ಓಣಿಗಳು ಸಣ್ಣವು, ಎರಡೂ ಬದಿಗೆ ಕೆಂಪುಕಲ್ಲಿನ ಗೋಡೆ. ಕಾರು ತಿರುಗಿಸುವಾಗ ಗಾಲಿಯ ಅಂಚು ಕಲ್ಲಿಗೆ ತಾಗಿ ಕೆತ್ತಿಹೋಗುತ್ತಿತ್ತು. ಗಲ್ಫಿನಿಂದ ರಜೆಗೆ ಬಂದವರು ಅದನ್ನು ನೋಡಿ ಸಂಕಟಪಡುತ್ತಿದ್ದರು. ಹೊಸದು ತರಿಸಲು ಮಂಗಳೂರಿಗೆ ಹೋಗಬೇಕು. ನಮ್ಮವರು ಹಳೆಯದನ್ನೇ ಹೊಸದು ಮಾಡಿಕೊಡುತ್ತಿದ್ದರು.

ಗಾಲಿಯನ್ನು ಸೋಪಿನ ಪುಡಿಯಲ್ಲಿ ತೊಳೆಯುವುದು. ಬಕೆಟ್ಟಿನಲ್ಲಿ ನೀರಿಟ್ಟುಕೊಂಡು ವಾಟರ್ ಪೇಪರ್ ಎಂಬ ಮರಳುಕಾಗದದಿಂದ ತಿಕ್ಕುವುದು. ಕೆತ್ತಿದಲ್ಲಿ ಪುಟ್ಟಿ ತುಂಬುವುದು, ಒಣಗಿದ ಮೇಲೆ ಮತ್ತೆ ತಿಕ್ಕುವುದು. ತಿಕ್ಕುವಾಗ ಅವರು ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಹೆಬ್ಬೆರಳನ್ನು ಅಂಚಿನ ಮೇಲೆ ಸುತ್ತ ಓಡಿಸಿ, ಎಲ್ಲೋ ಒಂದು ಕಡೆ ನಿಲ್ಲಿಸಿ, ಅಲ್ಲಿಗೆ ಮತ್ತೆ ಪೇಪರು ಹಾಕುತ್ತಿದ್ದರು. ನಾನು ಮುಟ್ಟಿದರೆ ಅಲ್ಲಿ ಏನೂ ಸಿಗುತ್ತಿರಲಿಲ್ಲ.

ಟೈರಿಗೆ ಬಣ್ಣ ತಾಗದ ಹಾಗೆ ಟೈರು ಮತ್ತು ಗಾಲಿಯ ನಡುವಿನ ಸಂದಿಗೆ ಮದುವೆ ಕಾಗದಗಳನ್ನು ಸುತ್ತಲೂ ಸಿಕ್ಕಿಸುತ್ತಿದ್ದರು. ದಪ್ಪ ಕಾಗದ, ಚೆನ್ನಾಗಿ ನಿಲ್ಲುತ್ತದೆ. ಗಣಪತಿ ಇದ್ದ ಮೂಲೆಯನ್ನು ಮಾತ್ರ ಕತ್ತರಿಯಲ್ಲಿ ಕತ್ತರಿಸಿ ದೇವರ ಗೂಡಿನಲ್ಲಿಡುತ್ತಿದ್ದರು. ಕೆಟ್ಟ ಫ್ರಿಜ್ಜಿನ ಕಂಪ್ರೆಸರಿನಿಂದ ಗಾಳಿ ಹಿಡಿದು ಬಣ್ಣ ಹಾರಿಸುತ್ತಿದ್ದರು.

ಬಣ್ಣ ಹೊಡೆದ ಮೇಲೆ ಕೂಗು ಬರುತ್ತಿತ್ತು.

"ಏ ಹನ್ಮೀ, ಇಲ್ಲಿ ಬಾರೆ. ಎರಡೂ ಒಂದೇ ನಮೂನಿ ಅದ್ಯಾ ನೋಡು."

"ನಿಮ್ಗೆ ಕಣ್ಣು ಎಂತ ಆತು?"

"ನನ್ ಕಣ್ಣು ಗಾಲಿ ಮೇಲೆ ನಿಲ್ಲೂದಿಲ್ಲ ಮಾರಾಯ್ತಿ, ನಿನ್ ಮೇಲೆ ಅದೆ."

ಪಕ್ಕದ ಮನೆಯ ಸುಕ್ರಿ ಬೇಲಿಯಾಚೆಯಿಂದ ನಗುತ್ತಿದ್ದಳು. "ಹೆಂಡ್ತಿ ಮೊಕ ನೋಡ್ದೇ ಇವ್ರ ಬಣ್ಣ ಒಣಗೂದಿಲ್ಲ ಕಾಣು" ಅನ್ನುತ್ತಿದ್ದಳು. ನನಗೆ ನಾಚಿಕೆ. ಕೆಲಸದ ನಡುವೆ ಕರೆಯುತ್ತಾರಲ್ಲ ಎಂದು ಸಿಟ್ಟು ಸಹ. ಹೋಗಿ ನೋಡಿ, ಒಂದೇ ಎಂದೋ, ಇದು ಸ್ವಲ್ಪ ಹಳದಿ ಎಂದೋ ಹೇಳಿ ಬರುತ್ತಿದ್ದೆ. ಅವರು ಮತ್ತೆ ಕಲಸುತ್ತಿದ್ದರು.

ಈ ಐದು ಗಾಲಿ ಭಟ್ಕಳದ ಇರ್ಷಾದ್ ಸಾಹೇಬರದ್ದು. ಅವರು ದುಬೈಯಲ್ಲಿರುವವರು. ರಜೆಗೆ ಬಂದಾಗ ತಂದುಕೊಟ್ಟು, ಕಾರಿಗೆ ಹಳೆ ಕಬ್ಬಿಣದ ಗಾಲಿ ಹಾಕಿಕೊಂಡು ಹೋಗಿದ್ದರು. ಸುದ್ದಿ ತಿಳಿದು ಬಂದು ಚಾವಡಿಯಲ್ಲಿ ಸ್ವಲ್ಪ ಹೊತ್ತು ಕೂತರು. ಗಾಲಿಯ ಮಾತು ಎತ್ತಲಿಲ್ಲ. ನಾನೇ ಹೇಳಿದೆ, ಮುಂದಿನ ಭಾನುವಾರ ಬನ್ನಿ, ಕೊಡುತ್ತೇನೆ ಎಂದು. ನಮ್ಮವರ ಕೈಯ ಕೊನೆಯ ಕೆಲಸ. ಅರ್ಧಕ್ಕೆ ನಿಂತದ್ದನ್ನು ಕೊಟ್ಟು ಕಳಿಸುವುದು ನನಗೆ ಬೇಡವಾಗಿತ್ತು.

ಮಾಸಿದ ಗಾಲಿಯನ್ನು ನಾನೇ ತಿಕ್ಕಿದೆ. ಎರಡು ದಿನ ಹಿಡಿಯಿತು. ಏಳು ವರ್ಷ ನೋಡಿದ ಕೆಲಸ, ಕೈಗೆ ಬರುತ್ತದೆ ಅಂದುಕೊಂಡೆ. ಬೆರಳ ತುದಿ ಸುಲಿದು ಉರಿಯಿತು. ಕೆತ್ತಿದ ಗುರುತು ಅದರ ಮೇಲೆ ಒಂದೂ ಕಾಣಲಿಲ್ಲ. ಅದೂ ಆಶ್ಚರ್ಯವೇ. ಆದರೂ ತಿಕ್ಕಿದೆ. ಹಳೆ ಬಣ್ಣವೆಲ್ಲ ಬಕೆಟ್ಟಿಗೆ ಇಳಿದು ನೀರು ಬೂದಿ ಬಣ್ಣವಾಯಿತು. ಒಳಗಿನ ಲೋಹ ಬೆಳ್ಳಗೆ ಕಂಡಿತು. ನನಗೆ ಸಮಾಧಾನವಾಯಿತು.

ಬಣ್ಣ ಹೊಡೆದುಕೊಡಲು ಕೃಷ್ಣಾನಂದನಿಗೆ ಹೇಳಿಕಳಿಸಿದ್ದೆ. ಅವನು ಗ್ಯಾರೇಜಿನಲ್ಲಿ ಇವರ ಜೊತೆಗಿದ್ದವನು, ಈಗಲೂ ಅಲ್ಲೇ ಇದ್ದಾನೆ. ಕೊಂಕಣಿಯವನು, ನನ್ನನ್ನು ವೈನಿ, ಅಂದರೆ ಅತ್ತಿಗೆ, ಎಂದೇ ಕರೆಯುವುದು. ಶನಿವಾರ ಬೆಳಿಗ್ಗೆ ಬಂದ. ಗಾಲಿ ನೋಡಿ ಬೈಕಿನ ಕೀಲಿಯನ್ನು ಕೈಯಲ್ಲೇ ಹಿಡಿದು ನಿಂತ.

"ಇದ್ನ ಯಾರು ತಿಕ್ಕಿದ್ದು?"

"ನಾನೇ. ಎಂತಕೆ, ಸಮ ಆಗಲಿಲ್ವ?"

"ಸಮ ಎಂತದು ವೈನಿ! ಇದು ಸ್ಟೆಪ್ನಿ. ಡಿಕ್ಕಿಯಲ್ಲೇ ಬಿದ್ಕೊಂಡಿದ್ದ ಗಾಲಿ. ಕಂಪನಿ ಬಣ್ಣ ಇದರ ಮೇಲೆ ಮಾತ್ರ ಇದ್ದದ್ದು. ನಮೂನೆಗೆ ಅಂತ ಇಟ್ಟಿದ್ದ ಅವ."

"ನಮೂನೆ ಯಾರಿಗೆ?"

"ನಿಮಗೆ."

"ನಾನೆಂತ ಬಣ್ಣ ಹೊಡೀತೆನಾ?"

ಅವನು ಕಲ್ಲಿನ ಮೇಲೆ ಕೂತ. ನೀರು ಕೇಳಿದ. ಕುಡಿದು ಚೆಂಬು ಕೆಳಗಿಟ್ಟು ಹೇಳಿದ.

"ನಿಮ್ಗೆ ಗೊತ್ತಿಲ್ವ? ಮಾಬ್ಲನಿಗೆ ಬಣ್ಣ ತಿಳೀತಿರಲಿಲ್ಲ ವೈನಿ. ಹುಟ್ಟಿದ ಲಾಗಾಯ್ತು. ಬೇರೆಯವರು ಕಲಸಿ ಕೊಟ್ಟದ್ದು ಹೊಡೀತಿದ್ದ, ಒಂದ್ಸಲ ತಾನೇ ಕಲಸಿ ಹಸಿರು ಟೆಂಪೋದ ಬಾಗಿಲಿಗೆ ಕಂದು ಬಣ್ಣ ಹೊಡೆದು ಒಣಗಿಸಿಟ್ಟಿದ್ದ. ಎಲ್ಲ ನಗಾಡಿದ್ರು. ನಾನೂ ನಗಾಡಿದೆ. ಎಂತಕೆ ನಗ್ತಾರೆ ಅಂತ ಅವನಿಗೆ ಆಗ್ಲೂ ಗೊತ್ತಾಗಲಿಲ್ಲ. ಗೊತ್ತಾದ ಮೇಲೆ ಗ್ಯಾರೇಜಿಗೆ ಬರಲೇ ಇಲ್ಲ."

"ಸುಳ್ಳು ಹೇಳ್ಬೇಡ."

"ಸತ್ತವನ ಮೇಲೆ ಸುಳ್ಳು ಹೇಳ್ತೆನಾ? ನನ್ನ ಹೆಂಡ್ತಿ ಕಣ್ಣು ಚಲೋ ಅದೆ, ಅವಳು ಇರೂವರೆಗೆ ನನಗೆ ತೊಂದರೆ ಇಲ್ಲ ಅಂತಿದ್ದ."

ನಾನು ಒಳಗೆ ಹೋದೆ. ಒಲೆ ಹತ್ತಿರ ನಿಂತೆ. ಯಾಕೆ ಒಳಗೆ ಬಂದೆ ಎಂದು ಮರೆತುಹೋಯಿತು.

ಒಮ್ಮೆ ಕುಮಟೆಯಿಂದ ಸೀರೆ ತಂದಿದ್ದರು. ನಾನು ಹಸಿರು ಹೇಳಿದ್ದೆ, ಅದು ಒಣಗಿದ ಎಲೆಯ ಬಣ್ಣದ್ದು. ಹಸಿರೇ ತಂದೆನಲ್ಲ ಎಂದರು. ಕಣ್ಣೆದುರು ಸುಳ್ಳು ಹೇಳುತ್ತಾರೆ ಎಂದು ಎರಡು ದಿನ ಮಾತು ಬಿಟ್ಟಿದ್ದೆ. ಹಣ್ಣು ಮೆಣಸು ಕೊಯ್ದು ತನ್ನಿ ಎಂದರೆ ಕಾಯಿಯನ್ನೂ ಸೇರಿಸಿ ತರುತ್ತಿದ್ದರು. ಸೋಮಾರಿ ಎಂದು ಬೈದಿದ್ದೆ. ಒಂದು ದಿನವಾದರೂ ಬಾಯಿಬಿಟ್ಟು ಹೇಳಬಹುದಿತ್ತು. ಹನ್ನೆರಡು ವರ್ಷ ಜೊತೆಗಿದ್ದೆ. ನನಗೆ ಹೇಳದ್ದನ್ನು ಕೃಷ್ಣಾನಂದನಿಗೆ ಹೇಳಿದ್ದರು. ಸಿಟ್ಟು ಮಾಡಲೋ ಅಳಲೋ ಗೊತ್ತಾಗಲಿಲ್ಲ.

ಆಮೇಲೆ ಇನ್ನೊಂದು ನೆನಪಾಯಿತು. ಅವರು ತೀರಿಕೊಳ್ಳುವುದಕ್ಕೆ ಮೂರು ದಿನ ಮೊದಲು. ನಾಲ್ಕು ಗಾಲಿಗೂ ಬಣ್ಣ ಹೊಡೆದು ಕರೆದಿದ್ದರು. ನಾನು ಮೀನು ಹುರಿಯುತ್ತಿದ್ದೆ. ಎರಡು ಸಲ ಕರೆದರು. ಎಣ್ಣೆ ಸಿಡಿಯುತ್ತಿತ್ತು. ಒಳಗಿನಿಂದಲೇ "ಒಂದೇ, ಒಂದೇ" ಎಂದು ಕೂಗಿದೆ. ಹೊರಗೆ ಹೋಗಲಿಲ್ಲ. ನೋಡಲಿಲ್ಲ. ಅವರು "ಆತು" ಎಂದರು. ಬಣ್ಣದ ಮೇಲೆ ಕೊನೆಗೆ ಹೊಡೆಯುವ ಹೊಳಪಿನ ಲ್ಯಾಕರನ್ನು ಅವತ್ತೇ ಹೊಡೆದುಬಿಟ್ಟರು.

ಬಣ್ಣ ತಪ್ಪಿತ್ತೋ ಸರಿಯಿತ್ತೋ. ಕೇಳೋಣವೆಂದರೆ ಅವರಿಲ್ಲ. ಹೋಲಿಸಿ ನೋಡೋಣವೆಂದರೆ ಸ್ಟೆಪ್ನಿಯ ಬಣ್ಣವನ್ನು ನಾನೇ ತಿಕ್ಕಿ ನೀರಿಗೆ ಬಿಟ್ಟಿದ್ದೆ.

ಹೊರಗೆ ಕೃಷ್ಣಾನಂದ ಕರೆದ. ಉಳಿದ ಡಬ್ಬಗಳಿಂದ ಬಣ್ಣ ಕಲಸಿ ತಗಡಿನ ತುಂಡಿಗೆ ಹಚ್ಚಿದ್ದ. ಆ ನಾಲ್ಕರ ಪಕ್ಕ ಹಿಡಿದ.

"ನೋಡಿ ವೈನಿ."

ನೋಡಿದೆ. ಅಷ್ಟು ಹೊತ್ತು ನಾನು ಹಿಂದೆಂದೂ ಯಾವ ಗಾಲಿಯನ್ನೂ ನೋಡಿದವಳಲ್ಲ. "ನೀಲಿ ಹೆಚ್ಚಾತು" ಎಂದೆ. ಅವನು ಏನೋ ಸ್ವಲ್ಪ ಹಾಕಿದ. "ಈಗ?" ಈಗಲೂ ಹೆಚ್ಚೇ. ಐದನೇ ಸಲಕ್ಕೆ ಹೊಂದಿತು. ಸ್ಟೆಪ್ನಿ ಆ ನಾಲ್ಕರ ಹಾಗೇ ಆಯಿತು. ಆದರೆ ಆ ನಾಲ್ಕು ಯಾವುದರ ಹಾಗೆ? ಅದನ್ನು ಕೃಷ್ಣಾನಂದನಿಗೆ ಕೇಳಲಿಲ್ಲ. ಮೀನು ಹುರಿದ ವಿಷಯವನ್ನೂ ಹೇಳಲಿಲ್ಲ.

ಭಾನುವಾರ ಹತ್ತು ಗಂಟೆಗೆ ಸಾಹೇಬರು ಬಂದರು. ಜಾಕ್ ಕೊಟ್ಟು ನಾಲ್ಕು ಗಾಲಿ ಹಾಕಿಕೊಂಡರು, ಸ್ಟೆಪ್ನಿಯನ್ನು ಡಿಕ್ಕಿಗಿಟ್ಟರು. ಎದ್ದು ದೂರ ನಿಂತು ನೋಡಿದರು.

"ಮಾಷಾ ಅಲ್ಲಾ. ಶೋರೂಮಿಂದ ತಂದ ಹಾಗೆ ಆಗಿದೆ ಅಕ್ಕಾ."

ಸುಮ್ಮನಿದ್ದರೆ ಆಗುತ್ತಿತ್ತು. ಇರಲಾಗಲಿಲ್ಲ.

"ಮೊದಲಿನ ಬಣ್ಣವೇ ಹೌದಾ ನೋಡಿ ಸಾಹೇಬರೆ. ತಪ್ಪಿರಬಹುದು. ತಪ್ಪಿದ್ರೆ ಅವರದಲ್ಲ, ನನ್ನದು."

"ನಿಮ್ಮದು ಹೇಗೆ?"

"ಅವರು ಕರೆದು ಕೇಳಿದ್ರು. ನಾನು ನೋಡದೇ ಹೇಳಿದೆ."

ಸಾಹೇಬರಿಗೆ ಅರ್ಥವಾಗಲಿಲ್ಲ. ನಮ್ಮವರ ಕಣ್ಣಿನ ವಿಷಯವನ್ನು ನಾನು ಬಿಡಿಸಿ ಹೇಳಲಿಲ್ಲ. ಅವರೇ ಮುಚ್ಚಿಟ್ಟುಕೊಂಡಿದ್ದನ್ನು ಹೊರಗಿನವರ ಮುಂದೆ ಇಡುವುದು ಹೇಗೆ? ಸಾಹೇಬರು ನನ್ನ ಮುಖ ನೋಡಿದರು, ಗಾಲಿ ನೋಡಿದರು.

"ಮೊದಲು ಹೇಗಿತ್ತು ಅಂತ ನನಗೂ ನೆನಪಿಲ್ಲ ಅಕ್ಕಾ. ವರ್ಷದಲ್ಲಿ ಹತ್ತು ತಿಂಗಳು ನಾನು ದುಬೈಯಲ್ಲೇ ಇರ್ತೇನೆ. ಅದೇ ಬಣ್ಣ, ಅದೇ. ನೀವು ಚಿಂತೆ ಮಾಡ್ಬೇಡಿ."

ನೆನಪಿಲ್ಲ ಎಂದವರು ಅದೇ ಎಂದು ಹೇಗೆ ಹೇಳಿದರು? ಗಾಲಿ ನೋಡಿ ಹೇಳಿದರೋ, ನನ್ನನ್ನು ನೋಡಿ ಹೇಳಿದರೋ.

"ಸ್ವಲ್ಪ ನಿಲ್ಲಿ" ಎಂದೆ. ಕಾರನ್ನು ಬಿಸಿಲಿನಿಂದ ಹಲಸಿನ ಮರದ ನೆರಳಿಗೆ ತರಿಸಿದೆ. ಒಂದೊಂದು ಗಾಲಿಯ ಎದುರೂ ಕುಕ್ಕುರುಗಾಲಲ್ಲಿ ಕೂತೆ. ಎಡಗಡೆ ಎರಡು, ಬಲಗಡೆ ಎರಡು. ಅಂಚಿನ ಮೇಲೆ ಹೆಬ್ಬೆರಳು ಓಡಿಸಿದೆ. ಎಲ್ಲೂ ತಡೆಯಲಿಲ್ಲ. ಬಣ್ಣ ಒಂದಕ್ಕೊಂದು ಹೊಂದಿತ್ತು. ಹಿಂದಿನ ಬಲಗಡೆಯದು ಒಂದು ಕೂದಲೆಳೆ ಹಳದಿ ಎಂದು ಕಂಡಿತು. ಇನ್ನೊಮ್ಮೆ ನೋಡಿದಾಗ ಕಾಣಲಿಲ್ಲ. ಮೂರನೇ ಸಲ ಕಣ್ಣಲ್ಲಿ ನೀರು ಬಂತು, ಆಮೇಲೆ ಯಾವುದೂ ಸರಿಯಾಗಿ ಕಾಣಲಿಲ್ಲ.

ಸಾಹೇಬರು ಅವಸರ ಮಾಡಲಿಲ್ಲ. ಸುಕ್ರಿ ಬೇಲಿಯ ಹತ್ತಿರ ನಿಂತಿದ್ದಳು, ನಗಲಿಲ್ಲ.

ನಾನು ಎದ್ದು ಸೆರಗಿನಲ್ಲಿ ಕೈ ಒರೆಸಿಕೊಂಡೆ.

"ನನಗೆ ತಿಳೀಲಿಲ್ಲ ಸಾಹೇಬರೆ. ತಗೊಂಡು ಹೋಗಿ" ಎಂದೆ.