ತಿರುನಾರಾಯಣ ಮೇಷ್ಟ್ರು ಲ್ಯಾಪ್‌ಟಾಪ್ ತೂಗಿದ್ದು

ಹೊಳೆನರಸೀಪುರದಲ್ಲಿ ಯಾರೇ ಮಿಕ್ಸಿ ಕೊಳ್ಳಲಿ, ಫ್ಯಾನ್ ಕೊಳ್ಳಲಿ, ಮೊದಲು ಟೈಪಿಂಗ್ ಮೇಷ್ಟ್ರು ತಿರುನಾರಾಯಣ ಅವರನ್ನು ಒಂದು ಮಾತು ಕೇಳಬೇಕು ಎಂಬ ನಿಯಮವಿತ್ತು. ನಿಯಮ ಮಾಡಿದವರು ತಿರುನಾರಾಯಣ ಅವರೇ. ಅವರ ತಂದೆ ಜಾತಕ ಕೂಡಿಸುವುದರಲ್ಲಿ ಹೆಸರಾದವರು. ಹುಡುಗಿಯ ಕಡೆ ಗುಣವೆಷ್ಟು, ಹುಡುಗನ ಕಡೆ ದೋಷವೆಷ್ಟು ಎಂದು ತೂಗಿ, ಆಗಬಹುದು ಅಥವಾ ಆಗದು ಎನ್ನುತ್ತಿದ್ದರು. ಮಗ ಟೈಪಿಂಗ್ ಕಲಿಸುವವರಾದ ಮೇಲೆ ಆ ವಿದ್ಯೆಯನ್ನು ಮನುಷ್ಯರಿಂದ ಸಾಮಾನುಗಳಿಗೆ ವರ್ಗಾಯಿಸಿಕೊಂಡರು.

“ಮನೆಗೆ ಒಂದು ವಸ್ತು ಬರೋದೂ ಒಂದೇ, ಸೊಸೆ ಬರೋದೂ ಒಂದೇ. ಗುಣ-ದೋಷ ನೋಡದೆ ಒಳಗೆ ಕರೀಬಾರದು” ಎಂದು ಅವರು ಕನ್ನಡಕ ಒರೆಸುತ್ತ ಹೇಳುವರು.

“ಸೊಸೆಗೆ ಯಾರೂ ಇಷ್ಟೊಂದು ವಾರಂಟಿ ಕೇಳಲ್ಲ ಕಣ್ರೀ” ಎಂದು ಒಳಗಿನಿಂದ ಹೆಂಡತಿ ಶ್ರೀರಂಗಮ್ಮ ಕೂಗುವರು.

ಮಲ್ಲಿಪಟ್ಟಣದ ನಂಜಪ್ಪ ಒಮ್ಮೆ ಟಿ.ವಿ. ಕೊಳ್ಳುವ ಮೊದಲು ಇವರಲ್ಲಿಗೆ ಬಂದಿದ್ದ. ಮೇಷ್ಟ್ರು ತೂಗುತ್ತ ತೂಗುತ್ತ ಒಂದು ಮಳೆಗಾಲ ಕಳೆಯಿತು. ಅಷ್ಟರಲ್ಲಿ ಕಂಪನಿಯವರು ಆ ಮಾಡೆಲ್ಲನ್ನೇ ನಿಲ್ಲಿಸಿದರು. ನಂಜಪ್ಪನಿಗೆ ಬೇಸರವಾಗಲಿಲ್ಲ, ಭಕ್ತಿ ಹೆಚ್ಚಿತು. “ತಗಂಡಿದ್ರೆ ಕೆಟ್ಟೋಗದು. ತಗಳ್ನೇ ಇಲ್ಲ, ಅದ್ಕೇ ಕೆಡ್ನೂ ಇಲ್ಲ. ಮೇಷ್ಟ್ರ ಬುದ್ಧಿ ಅಂದ್ರೆ ಅಂಗೆ ಕಣ್ಲಾ” ಎಂದು ಬಸ್ಸಿನಲ್ಲಿ ಸಾರಿಕೊಂಡು ಹೋದ.

ತೊಂಬತ್ತರ ದಶಕದಲ್ಲಿ ಮೇಷ್ಟ್ರ ಇನ್‌ಸ್ಟಿಟ್ಯೂಟು ನಿಜಕ್ಕೂ ಒಂದು ಸಂಸ್ಥಾನದಂತಿತ್ತು. ಮುಂದಿನ ಹಜಾರದಲ್ಲಿ ಸಾಲಾಗಿ ಟೈಪ್‌ರೈಟರುಗಳು, ಹಿಂದೆ ಎರಡು ಕೋಣೆಯ ಮನೆ. ಕೊಣನೂರು, ಅರಕಲಗೂಡಿನ ಕಡೆಯಿಂದ ಮೊದಲ ಬಸ್ಸಿಗೇ ಹುಡುಗ ಹುಡುಗಿಯರು ಬಂದಿಳಿಯುತ್ತಿದ್ದರು. ಗೋಡೆಯ ಮೇಲೆ ಮೂರು ಆಜ್ಞೆಗಳಿದ್ದವು: ಬೆನ್ನು ನೆಟ್ಟಗಿರಲಿ, ಹತ್ತೂ ಬೆರಳು ದುಡಿಯಲಿ, ಕೀಲಿಮಣೆಯನ್ನು ನೋಡಕೂಡದು. ಮೂರನೆಯ ಆಜ್ಞೆಯನ್ನು ಮೀರುವವರಿಗೆಂದೇ ಮೇಷ್ಟ್ರು ಒಂದು ತಗಡಿನ ಮರೆ ಮಾಡಿಸಿದ್ದರು. ಅದನ್ನು ಟೈಪ್‌ರೈಟರಿನ ಮುಂದೆ ಇಟ್ಟರೆ ಕಲಿಯುವವರ ಕೈ ಅವರಿಗೇ ಕಾಣದು. ಒಂದೇ ಬೆರಳಿನಲ್ಲಿ ಕುಟ್ಟುವವರನ್ನು ಕಂಡರಂತೂ ಮೇಷ್ಟ್ರಿಗೆ ಆಗುತ್ತಿರಲಿಲ್ಲ. “ಅದು ಟೈಪಿಂಗ್ ಅಲ್ಲ, ಕೋಳಿ ತಿಪ್ಪೆ ಕೆದಕೋದು” ಎನ್ನುವರು.

ಆಮೇಲೆ ಕಂಪ್ಯೂಟರ್ ಬಂತು, ಕೋಳಿಗಳೇ ಗೆದ್ದವು. ಹಜಾರದ ಟೈಪ್‌ರೈಟರುಗಳು ಒಂದೊಂದಾಗಿ ರೆಕ್ಸಿನ್ ಹೊದ್ದು ಮಲಗಿದವು. ಮೇಷ್ಟ್ರ ಗತ್ತು ಮಾತ್ರ ಕಡಿಮೆಯಾಗಲಿಲ್ಲ. ಆ ಗತ್ತಿಗೆ ಆಗಾಗ ಸೂಜಿ ಚುಚ್ಚಿ ಗಾಳಿ ಬಿಡುವ ಕೆಲಸ ಶ್ರೀರಂಗಮ್ಮನದು. ಮಕ್ಕಳಿಲ್ಲದ ಮನೆಯಲ್ಲಿ ಆ ಚುಚ್ಚುಮಾತೇ ಸಂಸಾರದ ಗದ್ದಲ. ಊರಿನ ಸಾಮಾನುಗಳನ್ನೆಲ್ಲ ಮೇಷ್ಟ್ರು ತೂಗುತ್ತಿದ್ದರು; ಮೇಷ್ಟ್ರನ್ನು ತೂಗುತ್ತಿದ್ದವರು ಆಕೆಯೊಬ್ಬರೇ.

ಎರಡು ಸಾವಿರದ ಒಂಬತ್ತರ ಸಂಕ್ರಾಂತಿಯ ದಿನ ಆಕೆ ಎಳ್ಳು ಬೀರಲು ಎದುರುಮನೆಗೆ ಹೋದರು. ತಟ್ಟೆ ಚಾಚಿ, ಎಳ್ಳು ಬೆಲ್ಲ ತಿಂದು ಒಳ್ಳೆಯ ಮಾತಾಡಿ ಎನ್ನಲು ಹೊರಟರೆ ನಾಲಿಗೆ ತೊಡರಿತು. ಎದುರುಮನೆಯ ಸುಬ್ಬಮ್ಮ ನಕ್ಕು, “ಮೊದಲು ಬಾಯಲ್ಲಿರೋದು ನುಂಗಿ, ಆಮೇಲೆ ಹೇಳಿ ಶ್ರೀರಂಗಮ್ಮನವರೇ” ಎಂದರು. ಬಾಯಿ ಖಾಲಿಯಾಗಿತ್ತು.

ಯುಗಾದಿಯ ಹೊತ್ತಿಗೆ ಮಾತು ಗಂಟಲಲ್ಲೇ ಕರಗಿಹೋಗತೊಡಗಿತು. ಹಾಸನದ ಆಸ್ಪತ್ರೆಯವರು ಮೈಸೂರಿಗೆ ಕಳಿಸಿದರು. ಮೈಸೂರಿನ ಡಾಕ್ಟರು ಬೆರಳು ಮಡಿಸಿಸಿ, ನಾಲಿಗೆ ಚಾಚಿಸಿ, ಸುತ್ತಿಗೆಯಿಂದ ಮಂಡಿ ತಟ್ಟಿ ನೋಡಿದರು. ಶ್ರೀರಂಗಮ್ಮನನ್ನು ಹೊರಗೆ ಕೂರಿಸಿ ಮೇಷ್ಟ್ರಿಗೆ ಹೇಳಿದರು: “ನರಗಳ ಕಾಯಿಲೆ. ವಾಸಿಯಾಗೋದಿಲ್ಲ. ಇವರಿಗೆ ಮೊದಲು ಮಾತು ಹೋಗ್ತಿದೆ, ಆಮೇಲೆ ಕೈ. ಪೆನ್ನು, ಬಳಪ ಹಿಡಿಯೋದು ಈಗಲೇ ಕಷ್ಟ. ಆದ್ರೆ ಹಿಡಿಯೋದಕ್ಕಿಂತ ಒತ್ತೋದು ಸುಲಭ. ಈಗ ಒಂದು ಸಣ್ಣ ಲ್ಯಾಪ್‌ಟಾಪ್ ತಂದುಕೊಡಿ, ತೊಡೆ ಮೇಲೆ ಇಟ್ಟುಕೊಂಡು ಹೇಳಬೇಕಾದ್ದನ್ನ ಕುಟ್ಟಿ ತೋರಿಸ್ತಾರೆ.”

ಆ ಮಾತುಗಳಲ್ಲಿ ‘ವಾಸಿಯಾಗೋದಿಲ್ಲ’ ಎಂಬುದನ್ನು ಮೇಷ್ಟ್ರು ಕೇಳಿಸಿಕೊಳ್ಳಲಿಲ್ಲ. ‘ಲ್ಯಾಪ್‌ಟಾಪ್’ ಎಂಬುದು ಕೇಳಿಸಿತು. ಅದು ತಮಗೆ ಗೊತ್ತಿರುವ ಕೆಲಸ, ಗಟ್ಟಿಯಾಗಿ ಹಿಡಿದುಕೊಂಡರು. ‘ಈಗ’ ಎಂಬ ಮಾತು ಕೆ.ಆರ್. ನಗರ ದಾಟುವಷ್ಟರಲ್ಲಿ ಬಸ್ಸಿನಿಂದ ಎಲ್ಲೋ ಬಿದ್ದುಹೋಯಿತು.

ಮರುವಾರ ಮೇಷ್ಟ್ರು ಜೇಬಿನಲ್ಲಿ ಉಕ್ಕಿನ ಸ್ಕೇಲು ಇಟ್ಟುಕೊಂಡು ಹಾಸನದ ಕಂಪ್ಯೂಟರ್ ಅಂಗಡಿಗೆ ಹೋದರು. ಅಂಗಡಿಯ ಜಯಂತ್ ಎಂಬ ಯುವಕ ಅಂಗೈ ಮೇಲೆ ಒಂದು ಪುಟ್ಟ ಕಪ್ಪು ಲ್ಯಾಪ್‌ಟಾಪನ್ನು ತಂದು, ಬಾಳೆಲೆ ಬಿಡಿಸಿದಷ್ಟು ಹಗುರವಾಗಿ ತೆರೆದ.

“ಹತ್ತಿಂಚು ಸಾರ್. ಒಂದು ಕೆ.ಜಿ. ಮೇಲೆ ಒಂಚೂರು. ಮೂರು ಗಂಟೆ ಬ್ಯಾಟರಿ ನಿಲ್ಲುತ್ತೆ. ಕನ್ನಡಾನೂ ಹಾಕಿಕೊಡ್ತೀನಿ.”

“ಒಂಚೂರು ಅಂದರೆ ಎಷ್ಟು?” ಎಂದರು ಮೇಷ್ಟ್ರು. ಜಯಂತ್ ಡಬ್ಬಿಯ ಮೇಲೆ ಬರೆದದ್ದನ್ನು ಹುಡುಕತೊಡಗಿದ. ಮೇಷ್ಟ್ರು ಅವನನ್ನು ಹೊರಡಿಸಿಕೊಂಡು ಪಕ್ಕದ ದಿನಸಿ ಅಂಗಡಿಗೆ ಹೋಗಿ, ತಕ್ಕಡಿಯ ಒಂದು ತಟ್ಟೆಯಲ್ಲಿ ಲ್ಯಾಪ್‌ಟಾಪ್, ಇನ್ನೊಂದರಲ್ಲಿ ಕಲ್ಲು ಇಡಿಸಿದರು. ಬೆಲ್ಲ ಕೊಳ್ಳಲು ಬಂದವರು ಬೆಲ್ಲ ಮರೆತು ನೋಡಿದರು. “ಯಾವ ಊರ ಬೆಲ್ಲ ಸಾಮಿ ಇದು, ಇಂಗೆ ಕರ್ರಗದೆ?” ಎಂದು ಒಬ್ಬ ಕೇಳಿದ.

ತೂಕ ಗುಣದ ಕಡೆಗೆ ಬಿತ್ತು. ಬ್ಯಾಟರಿಯೂ ಗುಣದ ಕಡೆಗೆ, ಏಕೆಂದರೆ ಹೊಳೆನರಸೀಪುರದ ಕರೆಂಟು ಅತಿಥಿಯಂತೆ ಬಂದುಹೋಗುತ್ತಿತ್ತು. ಪರದೆ ಚಿಕ್ಕದು, ದೋಷ. ಪಕ್ಕದಲ್ಲಿ ಸಿ.ಡಿ. ಹಾಕುವ ಜಾಗವಿಲ್ಲ.

“ಯಾವ ಸಿ.ಡಿ. ಹಾಕ್ತೀರಿ ಸಾರ್?”

“ಯಾವುದಾದರೂ ಇರಲಿ. ಬಾಯಿಯೇ ಇಲ್ಲವಲ್ಲಯ್ಯ ಇದಕ್ಕೆ!” ಎಂದರು ಮೇಷ್ಟ್ರು. ತಾವು ಆಡಿದ್ದು ಅವರ ಕಿವಿಗೆ ತಾಕಲಿಲ್ಲ.

ಕೊನೆಗೆ ಹತ್ತೂ ಬೆರಳುಗಳನ್ನು ಕೀಲಿಮಣೆಯ ಮೇಲೆ ಹರಡಿದರು. ಮುಖ ಸಪ್ಪಗಾಯಿತು. ಸ್ಕೇಲು ತೆಗೆದು ಅಳೆದರು. “ಕೀಗಳು ಒಂದಕ್ಕೊಂದು ಅಂಟಿಕೊಂಡು ಕೂತಿವೆಯಲ್ಲಯ್ಯ, ಹಬ್ಬದ ದಿನದ ಅರಕಲಗೂಡು ಬಸ್ಸಿನ ಹಾಗೆ. ಹತ್ತು ಬೆರಳಿಗೆ ಇದರಲ್ಲಿ ಸೀಟಿಲ್ಲ. ಮಹಾದೋಷ.”

“ಯಾರಿಗೆ ಸಾರ್ ಇದು?”

“ನಮ್ಮ ಮನೆಯವರಿಗೆ. ಮಾತು ನಿಂತಿದೆ.”

ಜಯಂತ್ ಲ್ಯಾಪ್‌ಟಾಪನ್ನು ಮಡಿಸಿ ಅವರ ಕಡೆ ತಳ್ಳಿದ. “ತಗೊಂಡು ಹೋಗಿ ಸಾರ್. ಅವರು ಬೇಡ ಅಂದ್ರೆ ವಾಪಸ್ ತನ್ನಿ, ಏನೂ ತೊಂದರೆ ಇಲ್ಲ.”

ಹುಡುಗಿಯನ್ನು ಮೊದಲು ಮನೆಗೆ ಕರೆದುಕೊಂಡು ಹೋಗಿ, ಜಾತಕ ಆಮೇಲೆ ನೋಡಿ ಎಂದರೆ ಯಾವ ಮರ್ಯಾದಸ್ಥರು ಒಪ್ಪುತ್ತಾರೆ? ಮೇಷ್ಟ್ರು ಬರಿಗೈಯಲ್ಲಿ ಬಸ್ಸು ಹತ್ತಿದರು.

ಆದರೆ ಸುಮ್ಮನೆ ಕೂರಲಿಲ್ಲ. ಇಂಥ ಇಕ್ಕಟ್ಟಿನ ಕೀಲಿಮಣೆ ತರುವುದಾದರೆ ಬೆರಳುಗಳು ಮೊದಲು ಪಳಗಿರಬೇಕು. ಯಂತ್ರ ಮತ್ತು ಬೆರಳು ಎರಡರ ಜಾತಕವೂ ಕೂಡಿಬರಬೇಕು. ಕನ್ನಡ ಮೂಡಿಸಲು ಒತ್ತಬೇಕಾದದ್ದು ಇಂಗ್ಲಿಷ್ ಕೀಗಳನ್ನೇ ಎಂದು ಅಂಗಡಿಯಲ್ಲಿ ತಿಳಿದುಕೊಂಡಿದ್ದರು. ಹಾಗಾಗಿ ಮೂವತ್ತು ವರ್ಷ ಊರಿಗೆಲ್ಲ ಕಲಿಸಿ ಹೆಂಡತಿಗೊಬ್ಬಳಿಗೆ ಕಲಿಸದೆ ಬಿಟ್ಟಿದ್ದ ಮೊದಲ ಪಾಠವನ್ನು ಈಗ ಶುರುಮಾಡಿದರು. ಗಟ್ಟಿಯಾದ ಒಂದು ಇಂಗ್ಲಿಷ್ ಟೈಪ್‌ರೈಟರಿನ ರೆಕ್ಸಿನ್ ತೆಗೆದರು. ಶ್ರೀರಂಗಮ್ಮನನ್ನು ಬೆನ್ನು ನೆಟ್ಟಗೆ ಕೂರಿಸಿದರು. ತಗಡಿನ ಮರೆ ಇಟ್ಟರು.

“ಎಡಗೈ, ಕಿರುಬೆರಳಿನಿಂದ. ಎ, ಎಸ್, ಡಿ, ಎಫ್. ಕೆಳಗೆ ನೋಡಬಾರದು.”

ಶ್ರೀರಂಗಮ್ಮ ಅವರನ್ನು ನೋಡಿದರು. ಗಂಟಲಿನಿಂದ ನಗುವಿನಂಥ ಒಂದು ಸದ್ದು ಬಂತು. ತಗಡನ್ನು ಪಕ್ಕಕ್ಕೆ ಸರಿಸಿ, ಬಲಗೈಯ ತೋರುಬೆರಳಿನಿಂದ ಹುಡುಕಿ ಹುಡುಕಿ ಏನನ್ನೋ ಒತ್ತತೊಡಗಿದರು. ಮೇಷ್ಟ್ರು ಸ್ಕೇಲಿನಿಂದ ಮೇಜು ತಟ್ಟಿದರು.

“ಕೋಳಿ ಕೆದಕಬೇಡ ರಂಗ. ಒಂದು ಬೆರಳಿನ ಅಭ್ಯಾಸ ಆಯ್ತೂ ಅಂದರೆ ಜನ್ಮಕ್ಕೆ ಬಿಡಲ್ಲ.”

ಆಕೆ ಬೆರಳು ತೆಗೆದರು. ತಗಡು ಮತ್ತೆ ಬಂತು. ದಿನವೂ ಬೆಳಿಗ್ಗೆ ಕಾಫಿಯಾದ ಮೇಲೆ ಪಾಠ. ಅಡಿಗೆ, ಕಾಫಿ ಎಲ್ಲ ಈಗ ಮೇಷ್ಟ್ರದೇ. ಕಾಫಿ ಕುಡಿಯುವಾಗ ಆಕೆ ಏನೋ ಹೇಳಲು ಬಾಯಿ ತೆರೆಯುವರು. ಮೇಷ್ಟ್ರು, “ಇರು, ಕಲಿತ ಮೇಲೆ ಎಲ್ಲ ಹೇಳುವಿಯಂತೆ” ಎನ್ನುವರು.

ಹಾಳೆಯ ಮೇಲೆ ಅಕ್ಷರಗಳು ಬಿದ್ದವು. ಟೈಪ್‌ರೈಟರಿನ ಕೀಗೆ ಒಂದು ಪೆಟ್ಟು ಬೇಕು. ಮೊದಲು ‘ಎ’ ಮಸುಕಾಯಿತು, ಆಮೇಲೆ ಅದು ಇರಬೇಕಾದ ಕಡೆ ಬಿಳಿ ಜಾಗ ಉಳಿಯಿತು. ಮುಂಗಾರು ಹಿಡಿಯುವಷ್ಟರಲ್ಲಿ ‘ಎಸ್’ ಕೂಡ ಮಸುಕಾಗತೊಡಗಿತು. ಹಾಳೆ ನೋಡಿಯೇ ಯಾರ ಯಾವ ಬೆರಳು ಸೋಮಾರಿ ಎಂದು ಹೇಳಬಲ್ಲ ಮೇಷ್ಟ್ರು, ಇಲ್ಲಿಯೂ ಕೆಂಪು ಶಾಯಿಯಲ್ಲಿ ಗುರುತು ಹಾಕಿದರು: ಎಡ ಕಿರುಬೆರಳಿಗೆ ಅಭ್ಯಾಸ ಸಾಲದು.

ಶ್ರೀರಂಗಮ್ಮನ ತಂಗಿ ಹಂಸ ಚನ್ನರಾಯಪಟ್ಟಣದಲ್ಲಿ ಸ್ಕೂಲ್ ಟೀಚರು. ಆಷಾಢದಲ್ಲಿ ಒಂದು ಭಾನುವಾರ ಬಂದವಳು ಅಕ್ಕನ ಮುಂದಿದ್ದ ತಗಡನ್ನು ನೋಡಿ ಬಾಗಿಲಲ್ಲೇ ನಿಂತಳು.

“ಇದೇನು ಭಾವ?”

“ಪಾಠ. ಲ್ಯಾಪ್‌ಟಾಪ್ ವಿಷಯ ಇನ್ನೂ ತೂಗ್ತಾ ಇದ್ದೀನಮ್ಮ. ಗುಣಗಳು ಇವೆ, ಇಲ್ಲ ಅಂತ ಅಲ್ಲ. ಆದರೆ ಆ ಕೀಲಿಮಣೆಯಲ್ಲಿ ಹತ್ತು ಬೆರಳು—”

“ಅಕ್ಕ ಪರೀಕ್ಷೆಗೆ ಕೂರ್ತಾಳಾ ಭಾವ?”

ಹಂಸ ಟೈಪ್‌ರೈಟರಿನಿಂದ ಹಾಳೆ ಎಳೆದಳು. ಪಕ್ಕದಲ್ಲಿದ್ದ ಹಳೆಯ ಹಾಳೆಗಳನ್ನು ಅದರ ಜೊತೆ ಮೇಜಿನ ಮೇಲೆ ಸಾಲಾಗಿ ಹರಡಿದಳು. ಕೆಂಪು ಗುರುತುಗಳ ಪಕ್ಕದಲ್ಲಿ ಬಿಳಿ ಜಾಗ ಹಾಳೆಯಿಂದ ಹಾಳೆಗೆ ಅಗಲವಾಗುತ್ತ ಬಂದಿತ್ತು. “ಇದು ಸೋಮಾರಿತನವಾ? ನೀವೇ ನೋಡಿ” ಎಂದು ದನಿ ಏರಿಸದೆಯೇ ಹೇಳಿದಳು. ಮೇಷ್ಟ್ರು ತಗಡನ್ನು ಎತ್ತಿದರು. ಹೆಂಡತಿಯ ಎಡಗೈ ಮೇಜಿನ ಮೇಲೆ, ಯಾರೋ ಮರೆತು ಹೋದ ಕೈಚೀಲದಂತೆ ಬಿದ್ದಿತ್ತು. ಇಷ್ಟು ದಿನ ಆ ಕೈಯನ್ನು ಮರೆಮಾಡಿದ್ದ ತಗಡು, ಆಕೆಗಿಂತ ಹೆಚ್ಚಾಗಿ ಅವರಿಗೇ ಅದನ್ನು ಕಾಣದಂತೆ ಮಾಡಿತ್ತು.

ಮಧ್ಯಾಹ್ನದ ಬಸ್ಸಿಗೇ ಹಾಸನಕ್ಕೆ ಹೋದರು. ಸ್ಕೇಲು ಒಯ್ಯಲಿಲ್ಲ. ಜಯಂತ್ ಏನೂ ಕೇಳದೆ ಕಟ್ಟಿಕೊಟ್ಟ.

ಮನೆಗೆ ಬಂದ ಲ್ಯಾಪ್‌ಟಾಪಿನ ದೋಷಗಳೆಲ್ಲ ಒಂದೊಂದಾಗಿ ಪಕ್ಷ ಬದಲಿಸಿದವು. ಕೀಗಳು ಒತ್ತೊತ್ತಾಗಿದ್ದುದರಿಂದ ಒಂದು ಬೆರಳು ದೂರ ನಡೆಯಬೇಕಾಗಿರಲಿಲ್ಲ. ಪೆಟ್ಟು ಬೇಡ, ತಾಕಿದರೆ ಸಾಕು. ಪರದೆ ಚಿಕ್ಕದಾದ್ದರಿಂದ ತೊಡೆಯ ಮೇಲಿನ ದಿಂಬಿನಲ್ಲಿ ಕೂತಿತು. ಹಂಸ ಅಕ್ಕನ ಬಲ ಮೊಣಕೈ ಕೆಳಗೆ ಮಡಿಸಿದ ಟವೆಲ್ ಇಟ್ಟಳು. ಶ್ರೀರಂಗಮ್ಮನ ತೋರುಬೆರಳು ಕೀಗಳ ಮೇಲೆ ಸುತ್ತಿ ಸುತ್ತಿ ಇಳಿಯಿತು. ಎಷ್ಟೋ ಹೊತ್ತಿನ ಮೇಲೆ ಪರದೆಯ ಮೇಲೆ ಎರಡು ಸಾಲು ನಿಂತಿದ್ದವು.

‘ಕಾಫಿಗೆ ಸಕ್ಕರೆ ಜಾಸ್ತಿ. ಯುಗಾದಿಯಿಂದ ಹೇಳಬೇಕು ಅಂತಿದೀನಿ.’

ಹಂಸ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು, ಆಮೇಲೆ ಅಡಿಗೆಮನೆಗೆ ಹೋಗಿ ಬಹಳ ಹೊತ್ತು ಬರಲಿಲ್ಲ. ಮೇಷ್ಟ್ರು ಕನ್ನಡಕ ಒರೆಸಿದರು. ಬೆರಳು ಮತ್ತೆ ಇಳಿಯಿತು.

‘ಕೋಳಿ ಕೆದಕಿ ಪಾಸಾಯ್ತು. ಸರ್ಟಿಫಿಕೇಟ್ ಕೊಡಿ.’

ಆ ಶ್ರಾವಣದಲ್ಲಿ ಮನೆಯಲ್ಲಿ ಮತ್ತೆ ಗದ್ದಲವಿತ್ತು. ಸದ್ದಿಲ್ಲದ ಗದ್ದಲ. ಮೇಷ್ಟ್ರ ಸಾರಿಗೆ ಉಪ್ಪಿಲ್ಲ, ಪಂಚೆ ತಿರುಗುಮುರುಗು, ಸುಬ್ಬಮ್ಮ ಕೊಟ್ಟ ಉಪ್ಪಿನಕಾಯಿ ಬರೀ ಸಾಸಿವೆ. ಮೇಷ್ಟ್ರು ಪಕ್ಕದಲ್ಲಿ ಕೂತು ಅಕ್ಷರಕ್ಕಾಗಿ ಕಾಯುವರು. ಶಬ್ದ ಅರ್ಧವಾದಾಗಲೇ ಗೊತ್ತಾದರೂ ಮುಂಚೆ ಬಾಯಿ ಹಾಕುತ್ತಿರಲಿಲ್ಲ.

ಶ್ರಾವಣ ಮುಗಿದು ಗೌರಿ ಹಬ್ಬ ಬಂದಾಗ ಸಾಲುಗಳು ಚಿಕ್ಕವಾದವು. ದಸರೆಯಲ್ಲಿ ಒಂದೊಂದೇ ಮಾತು. ದೀಪಾವಳಿ ಕಳೆದ ಒಂದು ಬೆಳಿಗ್ಗೆ ಮೇಷ್ಟ್ರು ಕಾಫಿ ತಂದಾಗ ಪರದೆಯ ತುಂಬ ‘ಜ’ ಒಂದೇ ಅಕ್ಷರ, ಸಾಲು ಮೇಲೆ ಸಾಲು ಬೀಳುತ್ತಲೇ ಇತ್ತು. ಇಟ್ಟ ಬೆರಳನ್ನು ಆಕೆಗೆ ಎತ್ತಲಾಗಿರಲಿಲ್ಲ. ಬಲ ತೋರುಬೆರಳಿನ ಮನೆ ‘ಜೆ’ ಎಂದು ಮೇಷ್ಟ್ರು ಊರಿನ ಅರ್ಧದಷ್ಟು ಹುಡುಗರಿಗೆ ಗದರಿ ಕಲಿಸಿದ್ದರು. ಬೆರಳು ಸರಿಯಾದ ಮನೆಯಲ್ಲೇ ಇತ್ತು. ಅವರು ಅದನ್ನು ಎತ್ತಿ, ಮಡಿಲಲ್ಲಿಟ್ಟು, ಲ್ಯಾಪ್‌ಟಾಪ್ ಮುಚ್ಚಿದರು.

ಕಾರ್ತಿಕ ಮಾಸದಲ್ಲಿ ಮಲ್ಲಿಪಟ್ಟಣದ ನಂಜಪ್ಪ ಬಂದ. ಹಜಾರದ ಬೆಂಚಿನಲ್ಲಿ ಕೂತು ಟವೆಲ್ ಕೊಡವಿದ.

“ಮಗಳು ಮೇಘಶ್ರೀ ಒಂದೇ ಹಟ ಇಡ್ಕಂಡವ್ಳೆ ಸಾ, ಸಣ್ಣ ಲ್ಯಾಪ್‌ಟಾಪ್ ಬೇಕಂತೆ. ಅದ್ರ ಗುಣ-ದ್ವಾಸ ಒಸಿ ಯೋಳಿ.”

“ತಗೊಂಡುಬಿಡಿ ನಂಜಪ್ಪ. ಇವತ್ತೇ.”

ಮೇಷ್ಟ್ರ ಬಾಯಿಂದ ಇನ್ನೂ ಮಾತು ಬರುತ್ತದೆಂದು ನಂಜಪ್ಪ ಕಾದ. ಬರಲಿಲ್ಲ. “ಅಷ್ಟೇಯಾ? ದ್ವಾಸ ಒಂದೂ ಇಲ್ವಾ?”

“ಇವೆ. ಮನೆಗೆ ತಂದ ಮೇಲೆ ನೋಡಿಕೊಳ್ಳಿ.”

ಇಷ್ಟಕ್ಕೆ ಬಸ್ ಚಾರ್ಜು ಕೊಟ್ಟು ಬಂದೆನೇ ಎಂಬಂತೆ ನಂಜಪ್ಪ ಎದ್ದ. “ಮೇಷ್ಟ್ರು ಮದ್ಲಿನಂಗೆ ಇಲ್ಲ ಕಣ್ರಪ್ಪ, ತೂಕ ತಪ್ಪೋಗದೆ” ಎಂದು ಅವನು ಎದುರಿನ ಅಂಗಡಿಯಲ್ಲಿ ಹೇಳುತ್ತಿದ್ದುದು ಹಜಾರಕ್ಕೆ ಕೇಳಿಸಿತು.

ಮೇಷ್ಟ್ರು ಒಳಗೆ ಹೋಗಿ ಕಾಫಿ ಮಾಡಿದರು. ಕಣ್ಣು ಮುಚ್ಚಿದರೆ ಹೌದು, ತೆರೆದೇ ಇದ್ದರೆ ಇಲ್ಲ ಎಂದು ಹಂಸ ಒಂದು ಏರ್ಪಾಟು ಮಾಡಿಕೊಟ್ಟಿದ್ದಳು. ಬದುಕು ಅದರಲ್ಲಿ ನಡೆಯುತ್ತಿತ್ತು. ಹೌದು-ಇಲ್ಲಗಳಲ್ಲಿ ಗಂಡನನ್ನು ಚುಚ್ಚುವುದಕ್ಕೆ ಮಾತ್ರ ಆಗುತ್ತಿರಲಿಲ್ಲ. ಹೆಂಡತಿಯ ತಲೆಯನ್ನು ತೋಳಿಗೆ ಒರಗಿಸಿಕೊಂಡು ಚಮಚದಿಂದ ಒಂದು ಗುಟುಕು ಹಾಕಿದರು.

“ಸಕ್ಕರೆ ಸರಿಯಾಗಿದೆಯಾ?”

ಕಣ್ಣು ತೆರೆದೇ ಇತ್ತು.

“ಜಾಸ್ತಿ ಆಯ್ತಾ?”

ತೆರೆದೇ ಇತ್ತು.

“ಕಡಿಮೆಯಾ?”

ತೆರೆದ ಕಣ್ಣು ಅವರನ್ನೇ ನೋಡುತ್ತಿತ್ತು. ಸಕ್ಕರೆಯ ಮಾತಲ್ಲ, ಬೇರೆ ಏನೋ ಇತ್ತು. ಮೇಷ್ಟ್ರು ಲೋಟ ಕೆಳಗಿಟ್ಟರು. “ನಂಜಪ್ಪನ ವಿಷಯವಾ?” ಎಂದರು. “ಹಂಸಂಗೆ ಫೋನ್ ಮಾಡಬೇಕಾ? ದಿಂಬು ಏರಿಸಲಾ? ಕಿಟಕಿ ಮುಚ್ಚಲಾ?” ಒಂದೊಂದಕ್ಕೂ ನಿಂತು, ಆ ಕಣ್ಣನ್ನು ನೋಡಿ, ಇನ್ನೊಂದು ಕೇಳಿದರು. ಕಾಫಿಯ ಮೇಲೆ ಕೆನೆ ಕಟ್ಟುತ್ತಿತ್ತು.