ಮೇಲಿನ ಮನೆಯಾಕೆಯ ಕನ್ನಡ

ವೇಲಚೇರಿಯಲ್ಲಿ ನಮ್ಮ ಮೇಲಿನ ಫ್ಲ್ಯಾಟಿನಾಕೆ ತಮಿಳರು. ಗಂಡ ಕನ್ನಡದವರಾದರೂ ಮನೆಯಲ್ಲಿ ಮಾತೆಲ್ಲ ತಮಿಳೇ. ಗಂಡನ ಬೈಕಿಗೆ ಲಾರಿ ಗುದ್ದಿ ತಲೆಗೆ ಪೆಟ್ಟಾದ ಮೇಲೆ ತಮಿಳು ಅಳಿಸಿಹೋಗಿ, ಬಾಲ್ಯದ ಒಂದಿಷ್ಟು ಕನ್ನಡವಷ್ಟೇ ಉಳಿಯಿತು. ನಾನು ಕನ್ನಡದವಳೆಂದು ಆಕೆ ಸೆರಗಿಗೆ ಕೈ ಒರೆಸುತ್ತ ನನ್ನ ಬಳಿ ಬಂದು, ಗಂಡ ಆಡಿದ ಪದ ಹೇಳಿ, "ಅಪ್ಪಡೀನ್ನಾ ಎನ್ನ, ಅಕ್ಕಾ?" ಎಂದು ಅರ್ಥ ಕೇಳುತ್ತಿದ್ದರು. ಹಾಗೇ ನೀರು, ನೋವು, ಸೆಖೆ ಎಲ್ಲ ಕಲಿತರು.

ಒಂದು ಮಧ್ಯಾಹ್ನ ಬಂದವರು, "ಬೆಳಿಗ್ಗೆಯಿಂದ 'ಸಾಕು, ಸಾಕು' ಅಂತ ಅಳ್ತಿದ್ದಾರೆ ಅಕ್ಕಾ. ಹಾಲು ಕೊಟ್ಟೆ, ಫ್ಯಾನ್ ಹಾಕಿದೆ. ಇನ್ನೇನು ಬೇಕಂತೆ?" ಎಂದು ತಮಿಳಿನಲ್ಲಿ ಕೇಳಿದರು.

"ಸಾಕು ಅಂದ್ರೆ ಪೋದುಂ ಅಂತಮ್ಮಾ," ಎಂದೆ.

ಆಕೆ ಮೆಟ್ಟಿಲ ಮೇಲೆ ಕುಸಿದು ಕೂತರು. "ನನಗೂ ಸಾಕು," ಎಂದು ಕನ್ನಡದಲ್ಲೇ ಹೇಳಿದರು. ಅಷ್ಟರಲ್ಲಿ ಮೇಲಿನಿಂದ ಗಂಡ ಕೂಗಿದರು. "ಬಂದೆ, ಬಂದೆ," ಎನ್ನುತ್ತ ಕಂಬಿ ಹಿಡಿದು ಎದ್ದರು.