ಅಂಗೈ ಮೇಲಿನ ಸಾಂಬಾರು

ಫೇಲು ಎಂದು ಅವರು ಹೇಳುವುದೇ ಇಲ್ಲವಂತೆ. ‘ಇನ್ನೂ ಸಮರ್ಥರಾಗಿಲ್ಲ’ ಎಂದು ಬರೆಯುತ್ತಾರಂತೆ. ಅಹಮದಾಬಾದಿನ ಆ ತರಬೇತಿ ಕೇಂದ್ರದಲ್ಲಿ ನನ್ನ ಹೆಸರಿನ ಮುಂದೆ ಹಾಗೆ ಬರೆದದ್ದನ್ನು ಓದಿದಾಗ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಮದುವೆಯಾಗಿ ಸೂರತ್ತಿಗೆ ಬಂದ ದಿನದಿಂದ ಹೋಟೆಲಿನ ಒಲೆಯ ಹಬೆಯಲ್ಲೇ ಬದುಕಿದವಳು ನಾನು. ಫೇಲು ಅಂದರೆ ಫೇಲು ಅನ್ನಿ, ಸುತ್ತಿ ಬಳಸಿ ಯಾಕೆ ಹೇಳುತ್ತೀರಿ ಎಂದು ಕೇಳಬೇಕೆನ್ನಿಸಿತು. ಬದಲಿಗೆ ಏಪ್ರನ್ ಬಿಚ್ಚಿ ಮೇಜಿನ ಮೇಲೆ ಒಗೆದು ಹೊರಟು ಬಂದೆ.

ನಮ್ಮದು ಸೂರತ್ತಿನ ಪಾಂಡೇಸರಾದಲ್ಲಿ ಒಂದು ಸಣ್ಣ ಉಡುಪಿ ಹೋಟೆಲು. ಸುತ್ತ ಬಟ್ಟೆಗೆ ಬಣ್ಣ ಹಾಕುವ ಮಿಲ್ಲುಗಳು. ಪಾಳಿ ಬಿಟ್ಟ ಕೂಡಲೇ ಕೈಗೆ ನೀಲಿ, ಕೆಂಪು ಮೆತ್ತಿಕೊಂಡ ಜನ ಬಂದು ಇಡ್ಲಿ ಕೇಳುತ್ತಾರೆ. ಅಡುಗೆಮನೆ ಮೊದಲಿನಿಂದಲೂ ಅತ್ತೆಯದು. ನಾನು ಅವರ ಕೈಕೆಳಗೆ ಕಲಿತೆ. ಆದರೆ ಮಗಳು ಹುಟ್ಟಿದ ಮೇಲೆ ನನ್ನನ್ನು ಗಲ್ಲಾದ ಮುಂದೆ ಕೂರಿಸಿದರು, ಅಲ್ಲೇ ಬೇರು ಬಿಟ್ಟೆ. ಒಳಗಿಂದ ಒಗ್ಗರಣೆಯ ವಾಸನೆ ಬಂದಾಗಲೆಲ್ಲ ಕೈ ತುರಿಸುತ್ತಿತ್ತು. ಬಾಯಿ ಬಿಟ್ಟು ಹೇಳಿದ್ದು ಮಾತ್ರ ಅಪರೂಪ.

ಹಾಗಿರುವಾಗ ಹತ್ತಿರದ ಒಂದು ಮಿಲ್ಲಿನವರು ತಮ್ಮ ಕ್ಯಾಂಟೀನು ನಡೆಸಿಕೊಡುತ್ತೀರಾ ಎಂದು ನನ್ನ ಗಂಡನನ್ನು ಕೇಳಿದರು. ಷರತ್ತು ಒಂದೇ. ಅಡುಗೆಮನೆಯ ಉಸ್ತುವಾರಿ ನೋಡುವವರ ಹತ್ತಿರ ತರಬೇತಿಯ ಪ್ರಮಾಣಪತ್ರ ಇರಬೇಕು. ಇವರು ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. ‘ನೀನೇ ಹೋಗು’ ಅಂದುಬಿಟ್ಟರು. ಗಲ್ಲಾ ಬಿಟ್ಟು ನನ್ನದೇ ಒಂದು ಅಡುಗೆಮನೆಗೆ ಹೋಗುವ ದಾರಿ ನನ್ನ ಮುಂದೆ ತೆರೆದದ್ದು ಹಾಗೆ. ಅಹಮದಾಬಾದಿನಲ್ಲಿ ವಸ್ತ್ರಾಪುರದ ಕೆರೆಯ ಹಿಂದಿನ ಗಲ್ಲಿಯ ಒಂದು ಪೀಜಿಯಲ್ಲಿ ಕಾಲೇಜು ಹುಡುಗಿಯರ ನಡುವೆ ಮಂಚ ಹಿಡಿದು, ಬೋಡಕ್‌ದೇವ್‌ನಲ್ಲಿದ್ದ ಕೇಂದ್ರಕ್ಕೆ ದಿನವೂ ಹೋಗಿ ಕಲಿತೆ. ಆ ಹುಡುಗಿಯರು ನನ್ನನ್ನು ಆಂಟಿ ಎಂದು ಕರೆದು, ಭಾನುವಾರ ನನ್ನಿಂದ ನೀರ್‌ದೋಸೆ ಹೊಯ್ಯಿಸಿಕೊಂಡು ತಿನ್ನುತ್ತಿದ್ದರು. ಖುಷಿಯಾಗಿಯೇ ಇದ್ದೆ.

ಕೊನೆಯ ದಿನ ಪ್ರಾಯೋಗಿಕ ಪರೀಕ್ಷೆ. ದೊಡ್ಡ ಪಾತ್ರೆಯಲ್ಲಿ ಸಾಂಬಾರು ಮಾಡಿ ತೋರಿಸಬೇಕಿತ್ತು. ನನಗೆ ಸಾಂಬಾರು! ಒಳಗೊಳಗೇ ನಕ್ಕೆ. ಬೇಳೆ ಬೆಂದಿತು, ಹುಳಿ ಕುದಿಯಿತು, ಮಸಾಲೆ ಬಿತ್ತು. ಉಪ್ಪು ನೋಡಬೇಕು. ನಮ್ಮಲ್ಲಿ ಉಪ್ಪು ನೋಡುವುದು ಹೇಗೆ? ಸೌಟು ತುಟಿಗೆ ತಾಗಿಸುವ ಪ್ರಶ್ನೆಯೇ ಇಲ್ಲ. ಸೌಟನ್ನು ಎತ್ತರದಲ್ಲಿ ಹಿಡಿದು ಎಡ ಅಂಗೈಗೆ ನಾಲ್ಕು ಹನಿ ಬಿಟ್ಟುಕೊಂಡು, ಪಾತ್ರೆಗೆ ಬೆನ್ನು ತಿರುಗಿಸಿ ನೆಕ್ಕಿ ನೋಡುವುದು. ಬಾಯಿಗೆ ತಾಗಿದ್ದು ಎಂಜಲು, ಎಂಜಲಾದದ್ದು ಮತ್ತೆ ಪಾತ್ರೆಗೆ ಹೋಗಬಾರದು. ಮದುವೆಯಾದ ಹೊಸತರಲ್ಲಿ ನಾನು ಒಮ್ಮೆ ಸೌಟನ್ನೇ ಬಾಯಿಗಿಟ್ಟದ್ದಕ್ಕೆ ಅತ್ತೆ ಇಡೀ ಪಾತ್ರೆಯ ಹುಳಿಯನ್ನು ಚೆಲ್ಲಿಸಿದ್ದರು. ಆಮೇಲೆ ಅಂಗೈ ಹಿಡಿದು ಕಲಿಸಿದ್ದರು. ಅದು ಎಷ್ಟು ಮೈಗೂಡಿತ್ತು ಅಂದರೆ ಪರೀಕ್ಷೆಯ ದಿನ ನಾನು ಹಾಗೆ ಮಾಡಿದೆನೆಂಬುದೇ ನನಗೆ ತಿಳಿಯಲಿಲ್ಲ. ಹನಿ ಬಿಟ್ಟುಕೊಂಡೆ, ನೋಡಿದೆ, ಪಕ್ಕದ ಚೆಂಬಿನ ನೀರು ಕೈಗೆ ಹಾಕಿಕೊಂಡೆ, ಕೆಲಸ ಮುಂದುವರಿಸಿದೆ.

ಪರೀಕ್ಷಕರು ನನಗಿಂತ ಚಿಕ್ಕ ವಯಸ್ಸಿನವರು, ಅಹಮದಾಬಾದಿನವರೇ, ಸೌಮ್ಯ ಮನುಷ್ಯ. ಅವರು ತಲೆಯೆತ್ತಿ ನೋಡಿದ್ದು, ಏನೋ ಬರೆದದ್ದು ನನಗೆ ಕಂಡಿತು. ಸಾಂಬಾರಿನ ಬಣ್ಣ ನೋಡಿ ಮೆಚ್ಚಿರಬೇಕು ಅಂದುಕೊಂಡೆ. ಸಂಜೆ ಫಲಿತಾಂಶ ಬಂದಾಗ ಕಾರಣ ಎಂಬಲ್ಲಿ ಒಂದೇ ಸಾಲಿತ್ತು. ಅಡುಗೆಯ ನಡುವೆ ಕೈ ನೆಕ್ಕಿದರು, ಗಂಭೀರ ತಪ್ಪು.

ಕೈ ನೆಕ್ಕಿದರಂತೆ! ನಾನೇನು ಬೆಕ್ಕೇ?

ಅಹಮದಾಬಾದಿನಿಂದ ಸೂರತ್ತಿನವರೆಗೂ ರೈಲಿನಲ್ಲಿ ಕುದಿಯುತ್ತಲೇ ಬಂದೆ. ವಡೋದರಾದಲ್ಲಿ ಎದುರಿನ ಸೀಟಿಗೆ ಬಂದು ಕೂತ ಹೆಂಗಸೊಬ್ಬಳು ಥೇಪ್ಲಾ ರೊಟ್ಟಿ ಕೊಡಲು ಬಂದಳು, ಬೇಡವೆಂದು ಕಡ್ಡಿ ಮುರಿದ ಹಾಗೆ ಹೇಳಿದೆ. ಪಾಪ, ಅವಳದೇನು ತಪ್ಪು. ಮನೆಗೆ ಬಂದು ಎಲ್ಲರ ಮುಂದೆ ಆ ಸಾಲನ್ನು ಓದಿ ಹೇಳಿ, ಇಂಥ ಪ್ರಮಾಣಪತ್ರ ಯಾರಿಗೆ ಬೇಕು, ನಾನು ಗಲ್ಲಾದಲ್ಲೇ ಇರುತ್ತೇನೆ ಎಂದು ಕೂಗಾಡಿದೆ. ಮಿಲ್ಲಿನವರು ಕಾಯುತ್ತೇವೆ ಎಂದಿದ್ದಾರೆ, ಆದರೆ ಬಹಳ ದಿನ ಕಾಯುವವರಲ್ಲ ಎಂದಷ್ಟೇ ಇವರು ಹೇಳಿದರು. ಅತ್ತೆ ಮಾತ್ರ ನೆಲ ನೋಡುತ್ತ ಕೂತಿದ್ದರು.

“ನಾನು ಕಲಿಸಿದ್ದೇ ನಿನಗೆ ಮುಳುವಾಯ್ತಲ್ಲ ಮಾರಾಯ್ತಿ” ಅಂದರು.

ಹಾಗಲ್ಲ ಅತ್ತೆ, ಅವರಿಗೆ ಗೊತ್ತಿಲ್ಲ ಅಷ್ಟೆ ಎಂದೆ. ಅವರು ಕೇಳಿಸಿಕೊಂಡ ಹಾಗೆ ಕಾಣಲಿಲ್ಲ. ಮರುದಿನ ಬೆಳಿಗ್ಗೆ ನಾನು ಒಳಗೆ ಹೋದಾಗ ಅತ್ತೆ ಒಲೆಯ ಮುಂದೆ ನಿಂತು ಅಂಗೈ ಬಿಟ್ಟು ಒಂದು ಚಮಚದಲ್ಲಿ ಸಾಂಬಾರು ತೆಗೆದು ರುಚಿ ನೋಡುತ್ತಿದ್ದರು. ಬಾಯಿಗಿಟ್ಟ ಮೇಲೆ ಅದನ್ನು ಎಲ್ಲಿಡಬೇಕೆಂದು ತಿಳಿಯದೆ ಅತ್ತಿತ್ತ ನೋಡಿದರು. ಎಷ್ಟೋ ಜನರ ಹೊಟ್ಟೆ ತುಂಬಿಸಿದ ಹೆಂಗಸು ತನ್ನ ಅಡುಗೆಮನೆಯಲ್ಲೇ ಹೊಸಬಳ ಹಾಗೆ ನಿಂತಿದ್ದಳು. ಅಲ್ಲಿಯವರೆಗೆ ನನಗಿದ್ದದ್ದು ಬರೀ ಸಿಟ್ಟು. ಆಮೇಲೆ ಹಟ ಬಂತು.

ಅಪೀಲು ಮಾಡಬಹುದು ಎಂದು ತರಬೇತಿಯ ಮೊದಲ ದಿನವೇ ಹೇಳಿದ್ದರು. ಅಂಥದ್ದೆಲ್ಲ ಜಗಳಗಂಟರಿಗೆ ಎಂದುಕೊಂಡು ನಾನು ಕಿವಿಗೆ ಹಾಕಿಕೊಂಡಿರಲಿಲ್ಲ. ನಾನು ಜಗಳಗಂಟಿಯಲ್ಲ ಎಂದು ಯಾಕೆ ಅಂದುಕೊಂಡಿದ್ದೆನೋ! ಕೇಂದ್ರಕ್ಕೆ ಫೋನು ಮಾಡಿ ಕೇಳಿದಾಗ ಅಲ್ಲಿನವರು ಸಮಾಧಾನದಿಂದ ವಿವರಿಸಿದರು. ಮೊದಲು ಪರೀಕ್ಷಕರನ್ನೇ ಮಾತಾಡಿಸಿ ಕಾರಣ ಕೇಳಬೇಕು. ಅಲ್ಲಿಗೆ ಒಪ್ಪಿಗೆಯಾಗದಿದ್ದರೆ ಬರೆದು ಕೊಡಬೇಕು. ಪರೀಕ್ಷೆಯ ದಿನ ಅಲ್ಲಿರದಿದ್ದ ಬೇರೆಯವರು ಕೂತು ನೋಡುತ್ತಾರೆ. ಅಪೀಲು ಮಾಡಿದರೆಂದು ಮುಂದೆ ಯಾರೂ ತೊಂದರೆ ಕೊಡುವಂತಿಲ್ಲ. ಅವಧಿ ಮೀರಬಾರದು, ಅಷ್ಟೇ.

ಪರೀಕ್ಷಕರ ಜೊತೆ ಫೋನಿನಲ್ಲಿ ಮಾತಾಡುವಾಗ ನಾಲಗೆಯನ್ನು ಹಲ್ಲಿನ ನಡುವೆ ಹಿಡಿದೇ ಇದ್ದೆ. ಅವರು ದನಿ ಏರಿಸಲಿಲ್ಲ. ಕೈ ಬಾಯಿಗೆ ಹೋಯಿತು, ಅದೇ ಕೈ ಮುಚ್ಚಳಕ್ಕೆ ಹೋಯಿತು, ನಾನು ಕಂಡದ್ದನ್ನು ಬರೆದೆ ಎಂದರು. ಕೈ ತೊಳೆದೆನಲ್ಲ ಎಂದೆ. ಚೆಂಬಿನ ನೀರು ಹಾಕಿಕೊಂಡಿರಿ, ಬೇಸಿನ್ನಿಗೆ ಹೋಗಿ ಸೋಪು ಹಚ್ಚಿ ತೊಳೆಯಲಿಲ್ಲ ಎಂದರು. ಆ ಮಾತಿನಲ್ಲಿ ಹುರುಳಿತ್ತು, ಅದೇ ಮೈ ಉರಿಸಿತು.

ಆದರೂ ಬರೆದು ಕೊಡುವುದೆಂದು ತೀರ್ಮಾನಿಸಿದೆ. ನನಗೆ ಗುಜರಾತಿ ಮಾತಾಡಲು ಬರುತ್ತದೆ, ಬರೆಯಲು ಬರುವುದಿಲ್ಲ. ಮಗಳು ಇಲ್ಲೇ ಹುಟ್ಟಿ ಬೆಳೆದವಳು, ಕನ್ನಡ ಅವಳ ಬಾಯಲ್ಲಿ ಕುಂಟುತ್ತದೆ, ಗುಜರಾತಿ ಓಡುತ್ತದೆ. ಅವಳನ್ನು ಕೂರಿಸಿಕೊಂಡು ಹೇಳತೊಡಗಿದೆ. ಅವಳು ಸ್ವಲ್ಪ ಹೊತ್ತು ಟೈಪು ಮಾಡಿದಳು, ಆಮೇಲೆ ಕೈ ತೆಗೆದಳು.

“ಅಮ್ಮಾ, ಇದ್ರಲ್ಲಿ ಅಪೀಲ್ ಎಲ್ಲುಂಟು? ಬರೀ ಗುಸ್ಸಾ ಉಂಟು.”

ಅವಳಿಗೂ ಎರಡು ಬೈದೆ. ಬೈದ ಮೇಲೆ ಅವಳು ಹೇಳಿದ್ದು ಸರಿ ಅನ್ನಿಸಿತು. ಏನಾಯಿತು, ಯಾವ ನಿಯಮಕ್ಕೆ ಅದು ವಿರುದ್ಧ ಅಲ್ಲ, ನನಗೆ ಏನು ಬೇಕು, ಇಷ್ಟನ್ನೇ ಹೇಳು ಎಂದಳು. ‘ನಮ್ಮ ಮನೆತನದ ಮರ್ಯಾದೆ’ ತೆಗೆಸಿದಳು. ‘ನಿಮ್ಮ ಪರೀಕ್ಷಕರಿಗೆ ಅಡುಗೆಯ ಗಂಧಗಾಳಿ ಇಲ್ಲ’ ತೆಗೆಸಿದಳು. ಅದು ನನಗೆ ಬಹಳ ಇಷ್ಟವಾದ ಸಾಲಾಗಿತ್ತು. ಕೊನೆಗೆ ಉಳಿದದ್ದು ಒಂದು ಸಣ್ಣ ಪ್ಯಾರಾ. ಓದಿಸಿ ಕೇಳಿದೆ. ಯಾರೋ ತಿಳಿವಳಿಕೆ ಇರುವ ಹೆಂಗಸು ಮಾತಾಡಿದ ಹಾಗಿತ್ತು.

ವಿಚಾರಣೆಗೆ ವಡೋದರಾಕ್ಕೆ ಕರೆದರು, ಕೇಂದ್ರದ ಮುಖ್ಯ ಕಚೇರಿ ಅಲ್ಲಿ. ವರ್ಷಗಟ್ಟಲೆ ರೈಲಿನ ಕಿಟಕಿಯಿಂದ ನೋಡಿ ದಾಟಿ ಹೋದ ಊರಿನಲ್ಲಿ ಮೊದಲ ಸಲ ಇಳಿದೆ. ರಿಕ್ಷಾದಲ್ಲಿ ಕೂತು ಕಚೇರಿಯ ವಿಳಾಸವನ್ನು ಮೂರು ಸಲ ಹೇಳಿದೆ. ಬಾಯಿ ಜೋರಿರುವವರಿಗೆ ಹೆದರಿಕೆ ಆಗುವುದಿಲ್ಲ ಎಂದು ಯಾರು ಹೇಳಿದರು? ನನ್ನ ಮಾತು ಇವರಿಗೆ ಅರ್ಥವಾಗದಿದ್ದರೆ ಅತ್ತೆ ಇನ್ನು ಬದುಕಿರುವವರೆಗೂ ಆ ಚಮಚ ಹಿಡಿದೇ ನಿಲ್ಲುತ್ತಾರೆ ಎಂಬುದೊಂದೇ ತಲೆಯಲ್ಲಿತ್ತು.

ಮೇಜಿನಾಚೆ ಮೂವರಿದ್ದರು. ನಡುವೆ ಕೂತಿದ್ದವರು ನೆರೆಗೂದಲಿನ, ಹತ್ತಿಸೀರೆಯ ಗುಜರಾತಿ ಹೆಂಗಸು, ಅವರೇ ಮುಖ್ಯಸ್ಥರು. ನನ್ನ ಪರೀಕ್ಷಕರು ಬೇರೆಯಾಗಿ ಒಂದು ಪಕ್ಕದಲ್ಲಿ ಕೂತಿದ್ದರು. ಮಾತಿನಲ್ಲಿ ಹೇಳುವ ಬದಲು ಮಾಡಿ ತೋರಿಸಿ ಎಂದು ಆ ಹೆಂಗಸು ಒಂದು ಪಾತ್ರೆಯಲ್ಲಿ ನೀರು, ಒಂದು ಸೌಟು ತರಿಸಿದರು. ತೋರಿಸಿದೆ. ಸೌಟು ಮೇಲೆ, ಅಂಗೈ ಕೆಳಗೆ, ನಾಲ್ಕು ಹನಿ. ಸೌಟಿಗೆ ಬಾಯಿಯಾಗಲಿ ಕೈಯಾಗಲಿ ತಾಗದ ಹಾಗೆ. ಬಾಯಿಗೆ ತಾಗಿದ್ದನ್ನು ನಾವು ಎಂಜಲು ಅನ್ನುತ್ತೇವೆ, ಅದನ್ನು ನಿಮ್ಮ ಭಾಷೆಯಲ್ಲಿ ಹೇಗೆ ಹೇಳುವುದೋ ಎಂದು ನಾನು ತಡವರಿಸುತ್ತಿರುವಾಗ ಆ ಹೆಂಗಸು ಮುಗುಳ್ನಕ್ಕರು.

“ಏಂಠುಂ” ಎಂದರು. “ನನ್ನ ಅಜ್ಜಿಯೂ ಹೀಗೇ ನೋಡುತ್ತಿದ್ದಳು.”

ಅಯ್ಯೋ ದೇವರೇ! ಇಷ್ಟು ವರ್ಷ ಈ ನಾಡಿನ ಉಪ್ಪು ತಿಂದು, ಇವರಿಗೂ ಎಂಜಲೆಂಬುದಿದೆ ಎಂದು ನನಗೆ ಹೊಳೆದಿರಲೇ ಇಲ್ಲವಲ್ಲ. ನಮ್ಮ ಮಡಿ ಮೈಲಿಗೆ ನಮ್ಮ ಜೊತೆ ರೈಲು ಹತ್ತಿ ಬಂದದ್ದು, ಇಲ್ಲಿನವರಿಗೆ ಇದೆಲ್ಲ ಎಲ್ಲಿ ಗೊತ್ತು ಎಂದೇ ಎಣಿಸಿದ್ದೆ. ನನ್ನ ಕಣ್ಣು ಒದ್ದೆಯಾಯಿತು.

ಅವರು ಅಲ್ಲಿಗೇ ಬಿಡಲಿಲ್ಲ. ನನ್ನ ಕಡೆ ತಿರುಗಿ, ಆಮೇಲೆ ಕೈ ಹೇಗೆ ತೊಳೆದಿರಿ ಎಂದು ಕೇಳಿದರು. ಚೆಂಬಿನ ನೀರಿನಲ್ಲಿ, ಸೋಪು ಹಾಕಲಿಲ್ಲ ಎಂದೆ. ಸುಳ್ಳು ಹೇಳಬಹುದಿತ್ತು. ಮಗಳು ಬರೆದ ಆ ಶಾಂತ ಪ್ಯಾರಾದ ಮೇಲೆ ಸುಳ್ಳು ಹೇಳಲು ಬಾಯಿ ಬರಲಿಲ್ಲ. ಆಮೇಲೆ ಅವರು ಪರೀಕ್ಷಕರ ಕಡೆ ತಿರುಗಿದರು.

“ಹೀಗೆ ಯಾಕೆ ಮಾಡಿದಿರಿ ಅಂತ ಇವರನ್ನು ಕೇಳಿದಿರಾ?”

ಪರೀಕ್ಷಕರು, ಕೇಳಲಿಲ್ಲ, ಕೇಳಬೇಕಿತ್ತು ಎಂದರು. ಅಭ್ಯರ್ಥಿ ಮಾಡಿದ್ದು ಯಾಕೆಂದು ತಿಳಿಯದಿದ್ದರೆ ಕೇಳಿಯೇ ಬರೆಯಬೇಕು ಎಂಬುದು ಅವರಿಗೇ ಇರುವ ನಿಯಮವಂತೆ. ಅಷ್ಟು ನೇರವಾಗಿ ಒಪ್ಪಿಕೊಂಡ ಮನುಷ್ಯನ ಮೇಲೆ ಸಿಟ್ಟು ಇಟ್ಟುಕೊಳ್ಳಲು ನನ್ನಂಥವಳಿಗೂ ಆಗಲಿಲ್ಲ.

ತೀರ್ಪನ್ನು ಅವತ್ತೇ ಓದಿದರು. ಅಂಗೈಗೆ ಹನಿ ಬಿಟ್ಟುಕೊಂಡು ನೋಡಿದ್ದು ತಪ್ಪಲ್ಲ, ಬಾಯಿಗೆ ತಾಗಿದ್ದೇನೂ ಪಾತ್ರೆಗೆ ಮರಳಿಲ್ಲ. ಸೋಪಿಲ್ಲದೆ ಕೈ ತೊಳೆದದ್ದು ತಪ್ಪು. ಕೇಳದೆ ಬರೆದದ್ದರಿಂದ ಹಳೆಯ ಫಲಿತಾಂಶ ರದ್ದು. ಬೇರೆ ಪರೀಕ್ಷಕರ ಮುಂದೆ ಮತ್ತೊಮ್ಮೆ ಪರೀಕ್ಷೆ. ಪಾಸು ಮಾಡಿಬಿಡುತ್ತಾರೆ ಎಂದು ಆಸೆಪಟ್ಟು ಹೋಗಿದ್ದೆ. ಅದು ಸಿಗಲಿಲ್ಲ. ಆದರೆ ಮೆಟ್ಟಿಲು ಇಳಿಯುವಾಗ ಎದೆ ಹಗುರಾಗಿತ್ತು. ಮರಳುವ ರೈಲಿನಲ್ಲಿ ನಾನೇ ಒಂದು ಪೊಟ್ಟಣ ಸೇವ್ ತಗೊಂಡು ಪಕ್ಕದವರಿಗೆಲ್ಲ ಹಂಚಿದೆ.

ಮರುಪರೀಕ್ಷೆ ಅಹಮದಾಬಾದಿನ ಅದೇ ಅಡುಗೆಮನೆಯಲ್ಲಿ. ಈ ಸಲ ಪರೀಕ್ಷಕಿ, ಗಂಟುಮುಖದವರು. ಎಲ್ಲರ ಹಾಗೆ ಚಮಚದಲ್ಲಿ ರುಚಿ ನೋಡಿದರೆ ಸುಲಭವಾಗಿ ಮುಗಿಯುತ್ತದೆ ಎಂದು ನನ್ನ ಗಂಡ ಫೋನಿನಲ್ಲಿ ಹೇಳಿದ್ದರು. ಹೌದು, ಮುಗಿಯುತ್ತಿತ್ತು. ಹುಳಿ ಕುದಿಯಿತು, ನಾನು ಸೌಟು ಎತ್ತಿದೆ, ಅಂಗೈಗೆ ಹನಿ ಬಿಟ್ಟುಕೊಂಡೆ, ಬೆನ್ನು ತಿರುಗಿಸಿ ನೋಡಿದೆ. ನೇರವಾಗಿ ಬೇಸಿನ್ನಿಗೆ ನಡೆದು ಸೋಪು ಹಚ್ಚಿ ಮೊಣಕೈವರೆಗೆ ತೊಳೆದೆ. ತಿರುಗಿದಾಗ ಪರೀಕ್ಷಕಿ ಪೆನ್ನು ಎತ್ತಿ ಹಿಡಿದಿದ್ದರು. ಬರೆಯಲಿಲ್ಲ. ಹೀಗೆ ಯಾಕೆ ಮಾಡಿದಿರಿ ಎಂದು ಕೇಳಿದರು. ಆ ಒಂದು ಪ್ರಶ್ನೆಗಾಗಿ ನಾನು ವಡೋದರಾದವರೆಗೆ ಹೋಗಿ ಬಂದಿದ್ದೆ. ನಿಧಾನವಾಗಿ ಹೇಳಿದೆ. ಅವರು ಕೇಳಿಸಿಕೊಂಡು, ಆಮೇಲೆ ಬರೆದರು. ‘ಸಮರ್ಥರು’ ಎಂದು.

ಕ್ಯಾಂಟೀನು ಶುರುವಾದ ದಿನ ಅತ್ತೆಯನ್ನು ಕರೆದುಕೊಂಡು ಹೋದೆ. ಹೊಸ ಒಲೆ, ಹೊಸ ಪಾತ್ರೆ, ಗೋಡೆಯಲ್ಲಿ ಚೌಕಟ್ಟು ಹಾಕಿಸಿದ ನನ್ನ ಪ್ರಮಾಣಪತ್ರ. ಅದನ್ನು ಅತ್ತೆ ಒಮ್ಮೆ ನೋಡಿದರು, ಓದಲು ಬಾರದಿದ್ದರೂ. ಸಾಂಬಾರು ಕುದಿಯುತ್ತಿತ್ತು. ಅವರು ಚಮಚಕ್ಕಾಗಿ ಅತ್ತಿತ್ತ ಹುಡುಕುವುದು ಕಂಡಿತು. ನಾನು ಸೌಟು ಎತ್ತಿ ಅವರ ಮುಂದೆ ಹಿಡಿದೆ.

“ಕೈ ಕೊಡಿ ಅತ್ತೆ. ಇದು ಪಾಸಾಗಿದೆ.”

ಅವರು ನನ್ನನ್ನು ನೋಡಿದರು, ಸೌಟನ್ನು ನೋಡಿದರು. ಮೆಲ್ಲಗೆ ಎಡ ಅಂಗೈ ಚಾಚಿದರು. ಹನಿ ಬಿಟ್ಟೆ. ಪಾತ್ರೆಗೆ ಬೆನ್ನು ತಿರುಗಿಸಿ ನೋಡಿದರು. ಆಮೇಲೆ ಸೋಪು ಎಲ್ಲುಂಟು ಎಂದು ಕೇಳಿ, ಹೋಗಿ ಕೈ ತೊಳೆದು, ಸೆರಗಿಗೆ ಒರೆಸಿಕೊಳ್ಳುತ್ತ ಬಂದರು. ಅವರ ಮುಖ ಹಳೆಯ ಮುಖವಾಗಿತ್ತು.

“ಉಪ್ಪು ಕಮ್ಮಿ” ಎಂದರು.

ಆ ತೀರ್ಪಿನ ಮೇಲೆ ಅಪೀಲಿಲ್ಲ. ನಾನು ಉಪ್ಪು ಹಾಕಿದೆ.